ಜ್ವರಕ್ಕೆ ಕೂತ ಹುಳುವಿನ ಪುಟ

ನನ್ನ ಅಣ್ಣ ಮಗಳನ್ನು ಹೊಡೆಯುವಾಗ ಸದ್ದು ಮಾಡುತ್ತಿರಲಿಲ್ಲ. ಬೈಗುಳವಿಲ್ಲ, ಕೂಗಾಟವಿಲ್ಲ. ಹಿಪ್ಪುನೇರಳೆ ಕಡ್ಡಿ ಗಾಳಿಯಲ್ಲಿ ಸುಯ್ ಎನ್ನುವುದು, ಆಮೇಲೆ ಚರ್ಮದ ಮೇಲೆ ಬೀಳುವುದು, ಅಷ್ಟೇ ಕೇಳುತ್ತಿತ್ತು. ಅವಳೂ ಅಳುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದಳು. ಗೋಡೆಯಾಚೆ ರೇಷ್ಮೆ ಹುಳುಗಳು ಜ್ವರಕ್ಕೆ ಕೂತಿದ್ದಾಗ ಮನೆಯಲ್ಲಿ ಯಾರೂ ದನಿ ಎತ್ತಬಾರದು ಎಂಬುದು ನಮ್ಮಪ್ಪ ಮಾಡಿಟ್ಟ ಕಟ್ಟಳೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಕಟ್ಟಳೆ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಜಂಗಮಕೋಟೆ ಕಡೆಯವರಿಗೆ ಈ ಜ್ವರ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ಅಲ್ಲಾಡಿಸಿದರೆ ಹಳೆಯ ಪೊರೆಯೊಳಗೇ ಸಿಕ್ಕಿಕೊಂಡು ಸಾಯುವುದುಂಟು. ಅಷ್ಟು ಹೊತ್ತು ನಮ್ಮ ಮನೆಯವರೆಲ್ಲ ಬೆರಳ ತುದಿಯಲ್ಲಿ ನಡೆಯುತ್ತಿದ್ದೆವು. ಅಣ್ಣನಂತೂ ಹುಳುಮನೆಯೊಳಗೆ ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಓಡಿಬರುತ್ತಿದ್ದ. ಇಷ್ಟು ನಾಜೂಕಿನ ಮನುಷ್ಯ ಎಂಟು ವರ್ಷದ ಮಗಳ ಕೈಮೇಲೆ ಬಾಸುಂಡೆ ಬರಿಸುತ್ತಿದ್ದ. ಕಾರಣ ಒಂದೇ, ಅವಳು ಎಡಚಿ.

ಅಣ್ಣನೂ ಹುಟ್ಟಾ ಎಡಚನೇ. ಇದು ಮನೆಯಲ್ಲಿ ಮುಚ್ಚುಮರೆಯ ಸಂಗತಿಯೇನಲ್ಲ. ಅಪ್ಪನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ‘ಎಡಮ ಚೆಯ್ಯಿ, ಎಡಮ ಚೆಯ್ಯಿ’ ಎಂದು ಹಲ್ಲು ಕಡಿಯುತ್ತಾ ಅವನ ಎಡಗೈಯನ್ನು ಮಂಚದ ಕಾಲಿಗೆ ಹಗ್ಗದಲ್ಲಿ ಬಿಗಿದು, ಬಲಗೈಗೆ ಬಳಪ ಕೊಟ್ಟು ಮಗ್ಗಿ ಬರೆಸುತ್ತಿದ್ದರು. ಅವನ ಮಣಿಕಟ್ಟಿನ ಸುತ್ತ ಹಗ್ಗದ ಗುರುತು ಕೆಂಪಗೆ ಕೂತಿರುತ್ತಿತ್ತು. ಬಿಚ್ಚಲು ಹೋಗಿ ನಾನೂ ಎರಡು ತಿಂದಿದ್ದೇನೆ. ಅಪ್ಪ ಬರುವ ಸದ್ದಾದರೆ ಸಾಕು, ಅಣ್ಣ ಎಡಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕೂತುಬಿಡುತ್ತಿದ್ದ. ಕಡೆಗೆ ತಿದ್ದಿದರು. ಈಗ ಚಿಂತಾಮಣಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಅವನು. ಬಲಗೈ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ‘ನನ್ನನ್ನ ತಿದ್ದಿದ್ರು. ಏನಾಯ್ತು ನಂಗೆ? ಚೆನ್ನಾಗೇ ಇದೀನಲ್ಲ’ ಎನ್ನುವುದು ಅವನ ವಾದ.

ತಿದ್ದಿದ್ದು ಬರೆಯುವುದನ್ನು, ಉಣ್ಣುವುದನ್ನು. ಯಾರೂ ಕಲಿಸದ ಕೆಲಸಕ್ಕೆಲ್ಲ ಅವನ ಎಡಗೈಯೇ ಮುಂದೆ ಬರುತ್ತಿತ್ತು. ನಾಯಿಗೆ ಕಲ್ಲು ಬೀಸುವಾಗ ಎಡಗೈ, ಬೀಳುವ ಲೋಟ ಹಿಡಿಯುವಾಗ ಎಡಗೈ. ಎಡಗೈಯಲ್ಲಿ ಬರೆದಳೆಂದು ಮಗಳನ್ನು ಹೊಡೆಯುವಾಗಲೂ ಕಡ್ಡಿ ಇರುತ್ತಿದ್ದದ್ದು ಎಡಗೈಯಲ್ಲೇ. ಅದು ಅವನಿಗೆ ಕಂಡಿರಲಿಲ್ಲ.

ಅಣ್ಣನನ್ನು ದ್ವೇಷಿಸುವುದು ನನಗೆ ಸುಲಭವಲ್ಲ. ಮದುವೆಯಾಗಿ ಗೌರಿಬಿದನೂರಿಗೆ ಹೋದವಳು, ಗಂಡ ಕೆನ್ನೆಗೆ ಬಾರಿಸಿದ ದಿನವೇ ಸೂಟ್‌ಕೇಸ್ ಹಿಡಿದು ಬಂದೆ. ಎರಡನೆಯ ಏಟಿಗೆ ಕಾಯುವ ತಾಳ್ಮೆ ನನ್ನ ಜಾಯಮಾನದಲ್ಲಿಲ್ಲ. ಅಣ್ಣ ಒಂದು ಪ್ರಶ್ನೆಯನ್ನೂ ಕೇಳದೆ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲೇ ಅವನ ಮೂಗು ಒಡೆದು ಬಂದ. ಗೆಣ್ಣು ಊದಿಕೊಂಡ ಕೈಗೆ ನಾನೇ ಅರಿಶಿನ ಮೆತ್ತಿದೆ. ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತ್ತು. ಅದೂ ಎಡಗೈಯೇ. ಅಂದಿನಿಂದ ಅಣ್ಣ, ಅತ್ತಿಗೆ, ಅವರ ಮಗಳ ಜೊತೆ ಅದೇ ಮನೆಯಲ್ಲಿದ್ದೇನೆ. ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತೇನೆ. ಹೇಳಿಕೊಡುವುದು ಎಂದರೆ ದೊಡ್ಡ ಮಾತಾಯಿತು. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನಮರ. ಕಿಟಕಿಯಾಚೆ ನಿಜವಾದ ಬೆಟ್ಟ ನಿಂತಿದ್ದರೂ ಮಕ್ಕಳು ಅದನ್ನು ನೋಡದೆ ತ್ರಿಕೋನ ಎಳೆಯುತ್ತವೆ. ಹಾಗೆ ಎಳೆದರೇ ಮಾರ್ಕ್ಸು. ಆ ಚಿತ್ರಗಳನ್ನು ತಿದ್ದಿ ತಿದ್ದಿ ನನಗೆ ಸೂರ್ಯನ ಮೇಲೇ ಸಿಟ್ಟು ಬಂದಿದೆ.

ಸೊಸೆಯ ಶಾಲೆಯಲ್ಲಿ ಮಕ್ಕಳೇ ಕೈಯಲ್ಲಿ ಬರೆದು, ಚಿತ್ರ ಹಾಕಿದ ಪುಸ್ತಕಗಳನ್ನು ಜೋಡಿಸಿ ಊರಿನವರಿಗೆ ತೋರಿಸುತ್ತಾರಂತೆ ಎಂಬ ಸುದ್ದಿ ಬಂತು. ಅಣ್ಣನ ಮಗಳು ನಮಗೆ ಸೊಸೆಯೇ. ನನಗೆ ಮೈಯೆಲ್ಲ ಉತ್ಸಾಹ. ಯಾವ ಕಥೆ ಎಂದು ಕೇಳಿದರೆ ಅವಳು ಯೋಚನೆಯೂ ಮಾಡಲಿಲ್ಲ.

‘ಹುಳದ್ದು ಅತ್ತೆ. ಜ್ವರ ಬಂದಿರೋ ಹುಳದ್ದು.’

ಮೊದಲ ಚಿತ್ರದಲ್ಲಿ ಹುಳು ಕಂಬಳಿ ಹೊದ್ದು ಮಲಗಿತ್ತು, ಹಣೆಯ ಮೇಲೆ ಒದ್ದೆ ಬಟ್ಟೆ. ನಗು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಹುಳುಮನೆಯಲ್ಲಿ ಓಡಾಡಿದವಳು, ಹುಳುವಿಗೆ ನಿಜವಾಗಿಯೂ ಮೈ ಸುಡುತ್ತದೆ ಎಂದುಕೊಂಡಿದ್ದಳು. ಜ್ವರ ಎಂದರೆ ಪೊರೆ ಬಿಡುವುದು, ಕಾಯಿಲೆಯಲ್ಲ ಎಂದು ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ.

‘ಮತ್ತೆ ಯಾಕೆ ಯಾರೂ ಮುಟ್ಟಲ್ಲ?’

‘ಮುಟ್ಟಿದ್ರೆ ಸಾಯ್ತದೆ ಕಣಮ್ಮ. ಸುಮ್ನೆ ಬಿಡ್ಬೇಕು.’

‘ನಂಗೆ ಜ್ವರ ಬಂದ್ರೂ ಅಪ್ಪ ಮುಟ್ಟಲ್ಲ’ ಎಂದಳು. ಹೊಡೆಯುವುದಿಲ್ಲ ಎಂಬ ಅರ್ಥದಲ್ಲಿ. ನನ್ನ ನಗು ಅಲ್ಲಿಗೆ ನಿಂತಿತು. ಕಂಬಳಿ ಇರಲಿ ಬಿಡು ಎಂದೆ.

ಪುಸ್ತಕ ಕಟ್ಟುವುದನ್ನು ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ಒಂದು ಪುಟಕ್ಕೆ ಒಂದೇ ಸಂಗತಿ. ಯಾವುದು ಮುಖ್ಯವೋ ಅದು ದೊಡ್ಡದು. ಬಣ್ಣ ಕಡಿಮೆ: ಪೆನ್ಸಿಲಿನ ಬೂದಿ, ಸೊಪ್ಪಿನ ಹಸಿರು, ಅಷ್ಟೇ ಸಾಕು. ಕೆಂಪು ಬೇಕೇ ಬೇಕು ಅನ್ನಿಸಿದ ದಿನ ನನ್ನನ್ನು ಕೇಳು ಎಂದೆ. ಸಾಲುಗಳ ನಡುವೆ ಜಾಗ ಧಾರಾಳವಾಗಿರಲಿ. ಕನ್ನಡಕ್ಕೆ ಇದು ಬಹಳ ಮುಖ್ಯ, ಇಲ್ಲದಿದ್ದರೆ ‘ಸೊಪ್ಪು’ ಎಂದು ಬರೆದಾಗ ಆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟನ್ನು ಹೋಗಿ ಒದೆಯುತ್ತದೆ. ‘ಮೇಲಿರೋರು ಕೆಳಗಿರೋರ ತಲೆ ತುಳೀಬಾರ್ದು, ಅಲ್ವಾ ಅತ್ತೆ’ ಎಂದಳು ಹುಡುಗಿ. ಹೌದಮ್ಮ ಎಂದೆ. ನಾನು ಹೇಳಿಕೊಟ್ಟಿದ್ದರಲ್ಲಿ ಅವಳಿಗೆ ತುಂಬಾ ಹಿಡಿಸಿದ್ದು ಖಾಲಿ ಜಾಗ. ಪುಟ ತುಂಬಿಸಬೇಕಾಗಿಲ್ಲ, ಬಿಟ್ಟ ಜಾಗವೂ ಮಾತಾಡುತ್ತದೆ ಎಂದಾಗ ಅವಳೇ ಒಂದು ನಿಯಮ ಮಾಡಿಕೊಂಡಳು. ಜ್ವರದ ಪುಟದಲ್ಲಿ ಹುಳು ಒಂದೇ ಇರಬೇಕು. ಅಕ್ಷರ ಇಲ್ಲ, ಸೊಪ್ಪು ಇಲ್ಲ, ಯಾರೂ ಇಲ್ಲ. ಕಂಬಳಿಯನ್ನೂ ಅವಳೇ ಅಳಿಸಿಹಾಕಿದಳು. ಚಿತ್ರ ಕಲಿಸುವ ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ವಾಪಸ್ ಕೊಟ್ಟಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿತು. ಬಲಗೈಯವರು ಪಕ್ಕದಿಂದ ಮುಖ ಬರೆದರೆ ಸಾಮಾನ್ಯವಾಗಿ ಅದು ಎಡಕ್ಕೆ ನೋಡುತ್ತದೆ, ಕೈ ತಿರುಗುವುದೇ ಹಾಗೆ. ಕನ್ನಡ ಓದುವುದು ಎಡದಿಂದ ಬಲಕ್ಕೆ, ಪುಟ ಮಗುಚಬೇಕಾದ್ದೂ ಬಲತುದಿಯಿಂದ. ಹಾಗಾಗಿ ಎಡಕ್ಕೆ ಮುಖ ಮಾಡಿದ ಪ್ರಾಣಿ ಪುಸ್ತಕದಲ್ಲಿ ಹಿಂದಕ್ಕೆ ಹೋಗುತ್ತಿರುವ ಹಾಗೆ ಕಾಣುತ್ತದೆ. ನಾನು ಜೀವನಪೂರ್ತಿ ಈ ಹಾಳು ಕಷ್ಟ ಪಟ್ಟಿದ್ದೇನೆ. ಎಡಗೈಯ ಹುಡುಗಿಗೆ ಅದು ಇರಲೇ ಇಲ್ಲ. ಅವಳ ಹುಳುಗಳು ಹುಟ್ಟುತ್ತಲೇ ಬಲಕ್ಕೆ ಮುಖ ಮಾಡಿದ್ದವು, ಮುಂದಿನ ಪುಟಕ್ಕೆ ನಡೆಯುತ್ತಿದ್ದವು. ಬೆನ್ನಿನ ಗೆರೆಯನ್ನು ಬಾಲದಿಂದ ತಲೆಯವರೆಗೆ ಕೈ ಎತ್ತದೆ ಒಂದೇ ಎಳೆತದಲ್ಲಿ ಎಳೆಯುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಣ್ಣ ಶಾಲೆಗೆ ಹೋದ ಮೇಲೆ, ತೋಟಕ್ಕೆ ಹೋದ ಮೇಲೆ, ಎಡಗೈಯಲ್ಲಿ ಅರ್ಧ ಪುಸ್ತಕ ಮುಗಿಯಿತು. ಸಿಕ್ಕಿಬಿದ್ದದ್ದು ಅಕ್ಷರ ಬರೆಯುವ ಪೆನ್ನಿನ ಶಾಯಿಯಿಂದ. ಎಡಗೈಯವರು ಬರೆಯುವಾಗ ಅಂಗೈಯ ಅಂಚು ಹಸಿ ಅಕ್ಷರಗಳ ಮೇಲೇ ಸಾಗುತ್ತದೆ. ಊಟಕ್ಕೆ ಕೂತಾಗ ಅವಳ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೀಲಿ ಮೆತ್ತಿದ್ದನ್ನು ಅಣ್ಣ ನೋಡಿದ. ತಟ್ಟೆ ಪಕ್ಕಕ್ಕಿಟ್ಟು ಎದ್ದ. ಕಡ್ಡಿ ತಂದ. ಹುಳುಗಳು ಮೂರನೇ ಜ್ವರದಲ್ಲಿದ್ದವು, ಎಲ್ಲವೂ ಸದ್ದಿಲ್ಲದೆ ನಡೆಯಿತು. ನಾನು ಅಡ್ಡ ಹೋದೆ. ‘ನೀನು ಸುಮ್ನಿರು. ಹೆತ್ತಿದ್ರೆ ಗೊತ್ತಾಗ್ತಿತ್ತು’ ಎಂದ, ಪಿಸುದನಿಯಲ್ಲಿ. ಆ ಮಾತು ಕಡ್ಡಿಗಿಂತ ಚೆನ್ನಾಗಿ ಬಿತ್ತು. ಪಕ್ಕಕ್ಕೆ ಸರಿದೆ.

‘ಬಲಗೈಲೇ ಬರೀಲಿ ಬಿಡಮ್ಮ. ಏಟಾದ್ರೂ ತಪ್ತದೆ’ ಎಂದು ಅತ್ತಿಗೆ ಆಮೇಲೆ ನನ್ನ ಮುಂದೆ ಕಣ್ಣೊರೆಸಿಕೊಂಡರು. ಮಗಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಾಗಿತ್ತು.

ಮಾರನೆಯ ದಿನದಿಂದ ಪೆನ್ಸಿಲ್ ಬಲಗೈಗೆ ಬಂತು. ಬರೆಯುತ್ತಿದ್ದದ್ದು ಅದೇ ಹುಡುಗಿ ಎಂದು ಪುಸ್ತಕ ನೋಡಿದವರು ನಂಬುತ್ತಿರಲಿಲ್ಲ. ಗೆರೆ ನಡುಗಿತು. ‘ಹುಳು’ವಿನ ಕೊಂಬು ಸಾಲು ಬಿಟ್ಟು ಜಾರಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹುಳುಗಳು ತಿರುಗಿ ನಿಂತವು. ಬಲಗೈ ಬರೆದ ಹುಳು ಎಡಕ್ಕೆ ಮುಖ ಮಾಡಿ, ಬಂದ ದಾರಿಯಲ್ಲೇ ವಾಪಸ್ ಹೊರಟಿತು.

‘ಇದು ಹಿಂದಕ್ಕೆ ಹೋಗ್ತಾ ಇದೆಯಲ್ಲಮ್ಮ’ ಎಂದೆ.

‘ಮುಂದಕ್ಕೆ ಹೋಗಕ್ಕೆ ಅದುಕ್ಕೆ ಭಯ ಅತ್ತೆ’ ಎಂದಳು.

ಆದರೂ ಬಿಡಲಿಲ್ಲ. ನಾಲ್ಕನೇ ಜ್ವರದ ಪುಟವನ್ನು ಖಾಲಿ ಬಿಟ್ಟಳು, ಅದರ ಹುಳುವನ್ನು ಕೈ ಸರಿಯಾದ ಮೇಲೆ ಬರೆಯುತ್ತಾಳಂತೆ. ಕೊನೆಯ ಪುಟದಲ್ಲಿ ಗೂಡುಗಳನ್ನು ಕುದಿಯುವ ನೀರಿಗೆ ಹಾಕುವ ಚಿತ್ರ ಬರಬೇಕೆಂದಳು. ಮಕ್ಕಳ ಪುಸ್ತಕಕ್ಕೆ ಅದು ಬೇಡ, ಮಕ್ಕಳು ಹೆದರುತ್ತವೆ ಎಂದು ಅತ್ತಿಗೆ ಹೇಳಿದರು. ‘ಮಕ್ಕಳಿಗೆ ಗೊತ್ತು ಅಮ್ಮ’ ಎಂದಳು ಅವಳು. ಶಿಡ್ಲಘಟ್ಟದ ಮಗ್ಗುಲಲ್ಲಿ ಬೆಳೆದ ಯಾವ ಮಗುವಿಗೆ ಗೊತ್ತಿಲ್ಲ.

ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನ ಹಾಗೆ ತಿನ್ನುತ್ತದೆ. ಹಾಕಿದ ಸೊಪ್ಪು ಹಾಕಿದಂತೆಯೇ ಮಾಯ. ಆ ಪುಟಕ್ಕೆ ದೊಡ್ಡ ಹುಳು ಬರಿ ಎಂದು ನಾನು ಹೇಳಿದೆ, ಕಥಾನಾಯಕ ಅದೇ ತಾನೇ. ಅವಳು ಹುಳುವನ್ನು ಮೂಲೆಯಲ್ಲಿ ಚಿಕ್ಕದಾಗಿ ಇಟ್ಟಳು. ಪುಟದ ತುಂಬ ಒಂದು ಕೈ, ಬೆರಳುಗಳ ನಡುವಿನಿಂದ ಸೊಪ್ಪು ಉದುರುತ್ತಿದೆ. ‘ಹುಳಕ್ಕೆ ಕಾಣೋದು ಕೈ ಒಂದೇ ಅತ್ತೆ.’ ತನ್ನದೇ ಕೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಓಡಿಸಿ ಬರೆದಿದ್ದಳು. ನಾನು ಡ್ರಾಯಿಂಗ್ ಮೇಡಮ್ಮು, ಆ ಜಾಣತನ ನೋಡಿ ಬೆನ್ನು ತಟ್ಟಿದೆ. ಅದು ಯಾವ ಕೈ ಎಂದು ನೋಡಲಿಲ್ಲ.

ನೋಡಿದವನು ಅಣ್ಣ. ಅಂದು ಭಾನುವಾರ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹುಳುಮನೆಯ ಜಗಲಿಯ ಕಡೆಯಿಂದ ಟಪ್ ಎಂದು ಒಂದು ಸದ್ದು ಬಂತು. ಮತ್ತೆ ಅದೇ ಸದ್ದು. ಕಡ್ಡಿಯ ಸದ್ದಲ್ಲ. ಸೋಪಿನ ಕೈಯಲ್ಲೇ ಹೋದೆ. ಜಗಲಿಯ ಕಲ್ಲಿನ ಮೇಲೆ ಹುಡುಗಿಯ ಎಡಗೈಯನ್ನು ಒತ್ತಿ ಹಿಡಿದು, ಬೋರ್ಡಿಗೆ ಗೆರೆ ಎಳೆಯುವ ಮರದ ಸ್ಕೇಲಿನ ಅಂಚಿನಲ್ಲಿ ಅಣ್ಣ ಗೆಣ್ಣಿನ ಮೇಲೆ ಹೊಡೆಯುತ್ತಿದ್ದ. ಪುಸ್ತಕ ಪಕ್ಕದಲ್ಲಿ ಬಿದ್ದಿತ್ತು, ಕೈಯ ಪುಟ ಮೇಲೆ ಮಾಡಿಕೊಂಡು. ಹುಡುಗಿ ಬಾಯಿ ತೆರೆದಿದ್ದಳು, ದನಿ ಇರಲಿಲ್ಲ. ಹುಳು ಜ್ವರಕ್ಕೆ ಕೂತಿದ್ದಾಗ ಅಳಬಾರದೆಂದು ಕಲಿತ ಮಗು, ಬೆರಳು ಮುರಿಯುತ್ತಿದ್ದರೂ ಆ ಕಲಿಕೆ ಬಿಟ್ಟಿರಲಿಲ್ಲ.

ನಾನು ಕಿರುಚಿದೆ. ಬೇಕೆಂದೇ ಕಿರುಚಿದೆ, ಗಂಟಲು ಹರಿಯುವ ಹಾಗೆ. ಅಣ್ಣ ಬೆಚ್ಚಿ ತಿರುಗಿದ.

‘ಮೆತ್ತಗೆ ಕಣೇ. ಹುಳ ಜ್ವರಕ್ಕೆ ಕೂತವೆ.’

ಆ ಪಿಸುಮಾತು ಕೇಳಿ ನನ್ನ ತಲೆಯೊಳಗೆ ಏನೋ ಹರಿಯಿತು. ಅವನನ್ನು ನೂಕಿಕೊಂಡು ಹುಳುಮನೆಯೊಳಗೆ ನುಗ್ಗಿ, ತಟ್ಟೆಗಳನ್ನು ಜೋಡಿಸಿದ್ದ ಸ್ಟ್ಯಾಂಡಿನ ಕಾಲು ಹಿಡಿದು ಅಲುಗಾಡಿಸಿದೆ.

‘ಬೇಡ್ವೇ, ಅಲ್ಲಾಡಿಸ್ಬೇಡ್ವೇ’ ಎಂದು ಹಿಂದೆಯೇ ಬಂದ. ‘ಮುಟ್ಟಿದ್ರೆ ಸತ್ತೋಗ್ತವೆ.’

‘ಈ ಮಗು ಸಾಯಲ್ವಾ? ಹುಳಕ್ಕಿರೋ ಮರ್ಯಾದೆ ಇದಕ್ಕಿಲ್ವಾ?’

ಮೇಲಿನ ತಟ್ಟೆ ಎಳೆದು ನೆಲಕ್ಕೆ ಕವುಚಿದೆ. ಅವನು ನನ್ನ ಕೆನ್ನೆಗೆ ಬಾರಿಸಿದ. ನಾನು ಅವನ ಕೈಯಿಂದ ಸ್ಕೇಲು ಕಿತ್ತು ಅವನ ಭುಜಕ್ಕೆ, ಕಿವಿಗೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೊಡೆದೆ. ಸ್ಕೇಲು ಮುರಿಯಿತು. ಮುರಿದ ತುಂಡಿನಲ್ಲೂ ಹೊಡೆದೆ. ಅವನ ಕಿವಿಯಿಂದ ರಕ್ತ ಇಳಿದಾಗ ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಡೇರಿಗೆ ಹಾಲು ಹಾಕಿ ಬಂದ ಅತ್ತಿಗೆ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಣ್ಣ ನನ್ನನ್ನು ಬಿಟ್ಟು ನೆಲಕ್ಕೆ ಕೂತು, ಚೆಲ್ಲಿದ ಹುಳುಗಳನ್ನು ಎರಡೂ ಕೈಯಿಂದ ತಟ್ಟೆಗೆ ಎತ್ತಿ ಹಾಕತೊಡಗಿದ. ಎಡಗೈಯಲ್ಲಿ ಹುಳು ಮುಟ್ಟಬಾರದು ಎಂಬುದೂ ಅಪ್ಪನ ಕಟ್ಟಳೆಯೇ ಆಗಿತ್ತು.

ಅತ್ತಿಗೆ ಮಗಳನ್ನು ನಡುವೆ ಕೂರಿಸಿಕೊಂಡು ನನ್ನ ಸ್ಕೂಟಿಯ ಹಿಂದೆ ಕೂತರು. ಶಿಡ್ಲಘಟ್ಟದ ಆಸ್ಪತ್ರೆಗೆ ಹೋದೆವು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ‘ಬಾಗಿಲಿಗೆ ಸಿಕ್ಕಾಕಂಡ್ತು ಸಾರ್’ ಎಂದರು ಅತ್ತಿಗೆ. ‘ಅವರಪ್ಪ ಹೊಡೆದಿದ್ದು’ ಎಂದೆ ನಾನು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಹುಡುಗಿಯ ಮುಖ ನೋಡಿದರು. ಅವಳು ‘ಬಾಗಿಲು’ ಎಂದಳು.

ಎಕ್ಸ್‌ರೇ ಕೋಣೆಯಲ್ಲಿ ಆ ಕೆಲಸದವರು ಅವಳ ಎಡಗೈಯನ್ನು ಮೆಲ್ಲಗೆ ಹಿಡಿದು ತಟ್ಟೆಯ ಮೇಲೆ ಬೋರಲಾಗಿ ಇಟ್ಟರು. ‘ಬೆರಳು ಅಗಲ ಮಾಡಮ್ಮ, ಅಲ್ಲಾಡಬೇಡ.’ ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಪುಸ್ತಕದಲ್ಲಿದ್ದದ್ದು ಇದೇ ಕೈ, ಹೀಗೇ ಇಟ್ಟ ಕೈ. ಬಲಗೈ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿತ್ತು. ಆಗ ಹೊಳೆಯಿತು. ಎಡಗೈಯನ್ನು ಕಾಗದದ ಮೇಲಿಟ್ಟು ಅದರ ಸುತ್ತ ಗೆರೆ ಎಳೆಯಬೇಕಾದರೆ ಪೆನ್ಸಿಲ್ ಬಲಗೈಯಲ್ಲೇ ಇರಬೇಕು. ಬೇರೆ ದಾರಿಯೇ ಇಲ್ಲ. ಅವಳಪ್ಪ ಹೇಳಿದ ಹಾಗೆ ಬಲಗೈಯಲ್ಲಿ ಬರೆದಿದ್ದಳು, ಬರೆದದ್ದರಿಂದಲೇ ಎಡಗೈಯ ಚಿತ್ರ ಬಂದಿತ್ತು. ಮಾತು ಕೇಳಿದ್ದಕ್ಕೆ ಬೆರಳು ಮುರಿಸಿಕೊಂಡಿದ್ದಳು.

ನಡುಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ಕಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಣ್ಣ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದ, ಕಿವಿಗೆ ಹತ್ತಿ. ಕಟ್ಟು ನೋಡಿ ಮುಖ ಸಣ್ಣದಾಯಿತು, ಆದರೂ ಬಗ್ಗಲಿಲ್ಲ.

‘ಎಡಗೈ ಬರ್ದವಳೆ ಪುಸ್ತಕದಲ್ಲಿ. ಎಡಗೈಲಿ ಸೊಪ್ಪು ಹಾಕೋ ಚಿತ್ರ. ಊರೋರೆಲ್ಲ ನೋಡಿ ನಗಲ್ವಾ? ಬಲಗೈ ಬರೀಬೇಕು ತಾನೇ.’

ಅತ್ತಿಗೆ ಮಗಳನ್ನು ಒಳಗೆ ಕರೆದುಕೊಂಡು ಹೋದರು. ನಾನು ನನ್ನ ಬ್ಯಾಗಿನಿಂದ ಒಂದು ಡ್ರಾಯಿಂಗ್ ಶೀಟು ತೆಗೆದು ಅವನ ಮುಂದೆ ಹಾಸಿದೆ. ಸ್ಕೆಚ್ ಪೆನ್ನನ್ನು ಅವನ ಮುಖಕ್ಕೇ ಬೀಸಿ ಎಸೆದೆ. ಹಿಡಿದ.

‘ಬರಿ ಹಂಗಾರೆ. ನೀನೇ ಬರಿ. ನಿನ್ನ ಕೈ ಇಟ್ಟು, ಸುತ್ತ ಗೆರೆ ಎಳಿ. ಬಲಗೈ ಚಿತ್ರ ತೋರ್ಸು ನಂಗೆ.’

‘ಅದೇನು ಮಹಾ’ ಎಂದು ಸಿಟ್ಟಿನಲ್ಲೇ ಬಲಗೈಯನ್ನು ಶೀಟಿನ ಮೇಲೆ ಬಡಿದಿಟ್ಟ. ಗೆರೆ ಎಳೆದ. ಹೆಬ್ಬೆರಳು ಹತ್ತಿ, ಇಳಿದು, ತೋರುಬೆರಳು, ನಡುಬೆರಳು. ಕೈ ನಡುಗಲಿಲ್ಲ. ಎಷ್ಟೋ ವರ್ಷ ಬರೆಯದ ಕೈ ಅಷ್ಟು ಸಲೀಸಾಗಿ ಓಡುವುದನ್ನು ನೋಡಿ ನನ್ನ ಸಿಟ್ಟೇ ಒಂದು ಗಳಿಗೆ ತಬ್ಬಿಬ್ಬಾಯಿತು. ಕಿರುಬೆರಳು ದಾಟಿ ಮಣಿಕಟ್ಟಿಗೆ ಬಂದು ಗೆರೆ ನಿಲ್ಲಿಸಿ, ಬಲಗೈ ಎತ್ತಿ, ‘ತಗೋ, ಬಲಗೈ’ ಎಂದ.

‘ಪೆನ್ನು ಎಲ್ಲಿದೆ?’ ಎಂದೆ.

ನೋಡಿಕೊಂಡ.

‘ಬಲಗೈ ಚಿತ್ರ ಬೇಕು ಅಂದ್ರೆ ಎಡಗೈಲಿ ಬರೀಬೇಕಣ್ಣ. ಅವಳದ್ದು ಎಡಗೈ ಚಿತ್ರ. ಯಾವ ಕೈಲಿ ಬರ್ದಿದಾಳೆ ನೀನೇ ಹೇಳು. ಗಣಿತದ ಮೇಷ್ಟ್ರಲ್ವಾ ನೀನು.’

ಅವನ ಕೈಯಿಂದ ಪೆನ್ನು ಚಾಪೆಯ ಮೇಲೆ ಬಿತ್ತು. ಎಡಗೈಯನ್ನು ನಿಧಾನವಾಗಿ ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕೂತ. ತಲೆ ನೆರೆತ ಗಂಡಸು, ಮೀಸೆ ಹೊತ್ತ ಮೇಷ್ಟ್ರು, ಸತ್ತ ಅಪ್ಪ ಬಾಗಿಲಲ್ಲಿ ನಿಂತಿದ್ದಾರೇನೋ ಎಂಬಂತೆ ಕೂತಿದ್ದ. ನನಗೆ ಅವನ ಮೇಲೆ ಕರುಣೆ ಬಂತು. ಒಳಗೆ ಅಷ್ಟು ಚಿಕ್ಕ ಕೈಗೆ ಕಟ್ಟು ಹಾಕಿಸಿಕೊಂಡು ಮಗು ಮಲಗಿರುವಾಗ ಕರುಣೆ ಬಂತಲ್ಲ ಎಂದು ನನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು. ಅನ್ನಕ್ಕೆ ಇಡಲು ಹೋದೆ.

ಅಂದಿನಿಂದ ಅಣ್ಣ ಮಗಳ ಮೇಲೆ ಕೈ ಮಾಡಿಲ್ಲ. ಇದನ್ನು ಹೇಳಿ ಕಥೆ ಮುಗಿಸಿದರೆ ಕೇಳಿದವರಿಗೆಲ್ಲ ಸಮಾಧಾನ, ಅತ್ತಿಗೆ ಬಂಧುಗಳ ಮುಂದೆ ಹಾಗೇ ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಬರುವುದಿಲ್ಲ. ನಾನು ಕವುಚಿದ ತಟ್ಟೆಯ ಹುಳುಗಳಲ್ಲಿ ಬಹಳಷ್ಟು ಪೊರೆಯೊಳಗೇ ಕಪ್ಪಾದವು. ಶಾಲೆಯ ಪುಸ್ತಕ ಪ್ರದರ್ಶನ ನಮ್ಮ ಪುಸ್ತಕವಿಲ್ಲದೆ ನಡೆಯಿತು. ಕಟ್ಟು ಬಿಚ್ಚಿದ ಮೇಲೂ ಹುಡುಗಿ ಚಿತ್ರದ ಪೆನ್ಸಿಲ್ ಮುಟ್ಟಲಿಲ್ಲ. ಶಾಲೆಯ ಬರವಣಿಗೆಯನ್ನು ಬಲಗೈಯಲ್ಲಿ ಹೇಗೋ ಮುಗಿಸಿ, ಎಡಗೈಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಬರಿ ಎಂದು ನಾನು ಹೇಳಲಿಲ್ಲ. ನಾಲ್ಕನೇ ಜ್ವರದ ಖಾಲಿ ಪುಟ ತೆರೆದು, ಪೆನ್ಸಿಲ್ ಜೊತೆಗಿಟ್ಟು, ಅವಳ ಕಣ್ಣಿಗೆ ಬೀಳುವ ಕಡೆ ಬಿಟ್ಟೆ. ಅವಳು ಅದನ್ನು ಮುಚ್ಚುತ್ತಿದ್ದಳು. ನಾನು ಮತ್ತೆ ತೆರೆದಿಡುತ್ತಿದ್ದೆ. ಈ ಕೈ ಇನ್ನು ಬರೆಯುವುದಿಲ್ಲವೇನೋ ಎಂಬ ಭಯ ನನ್ನ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಮುಂದಿನ ಬೆಳೆಯ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತ ದಿನ ಮಧ್ಯಾಹ್ನ, ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅಲ್ಲಿಂದ ನಡುಮನೆ ಪೂರ್ತಿ ಕಾಣುತ್ತದೆ. ಹುಡುಗಿ ಬಾಗಿಲಿಗೆ ಬೆನ್ನು ಮಾಡಿ, ಪುಸ್ತಕದ ಮೇಲೆ ಬಗ್ಗಿ ಕೂತಿದ್ದಳು. ಎಡಗೈಯಲ್ಲಿ ಪೆನ್ಸಿಲ್ ಇತ್ತು. ನನ್ನ ಕೈ ಅವರೆಕಾಯಿಯ ಮೇಲೇ ನಿಂತಿತು. ಬಾಲದಿಂದ ಶುರುವಾದ ಬೆನ್ನಿನ ಗೆರೆ ಪುಟದ ನಡುವಿನವರೆಗೆ ಬಂದಿತ್ತು.

ಆಗ ಅಣ್ಣ ಬಂದ. ಹುಳುಮನೆಯಿಂದ ಬಂದವನು, ಏನೋ ಕೇಳಲು ಬಾಯಿ ತೆರೆದು, ಮಗಳು ಬರೆಯುವುದನ್ನು ಕಂಡು ಬಾಗಿಲಲ್ಲೇ ನಿಂತ. ಬಾಯಿ ಮುಚ್ಚಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು, ಕಣ್ಣು ಒದ್ದೆಯಾದದ್ದೂ ನನಗೆ ಕಂಡಿತು. ಸ್ವಲ್ಪ ಹೊತ್ತು ನೋಡಿ, ಹುಳುಮನೆಯಲ್ಲಿ ನಡೆಯುವ ಹಾಗೆ ಬೆರಳ ತುದಿಯಲ್ಲಿ, ಒಂದು ಸದ್ದೂ ಆಗದಂತೆ ಹಿಂದಕ್ಕೆ ಹೋದ. ಮಗಳಿಗೆ ತಾನು ಬಂದದ್ದು ಗೊತ್ತಾಗಲಿಲ್ಲ ಎಂದುಕೊಂಡೇ ಹೋದ.

ಅವನು ಬಾಗಿಲಿಗೆ ಬರುವ ಮೊದಲೇ ಪೆನ್ಸಿಲ್ ಬಲಗೈಗೆ ಹೋಗಿತ್ತು. ಅವಳು ತಿರುಗಿ ನೋಡಲಿಲ್ಲ, ತಲೆ ಎತ್ತಲಿಲ್ಲ, ಬರೆಯುವುದನ್ನು ನಿಲ್ಲಿಸಲೂ ಇಲ್ಲ. ಸದ್ದಿಲ್ಲದ ಆ ಹೆಜ್ಜೆಯನ್ನು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಅವನು ಅಂಗಳ ದಾಟಿದ ಮೇಲೆ ಪೆನ್ಸಿಲ್ ಮತ್ತೆ ಎಡಗೈಗೆ ಬಂತು.

ಪುಸ್ತಕ ಈಗ ನನ್ನ ಹತ್ತಿರ ಇದೆ. ನಾಲ್ಕನೇ ಜ್ವರದ ಪುಟದಲ್ಲಿ ಹುಳು ಒಂದೇ ಇದೆ, ತಲೆ ಎತ್ತಿಕೊಂಡು, ಬಲಕ್ಕೆ ಮುಖ ಮಾಡಿ. ಸುತ್ತ ಏನೂ ಇಲ್ಲದ್ದರಿಂದ ಬೆನ್ನಿನ ಗೆರೆ ನಡುವೆ ನಡುಗಿದ ಜಾಗ ಚೆನ್ನಾಗಿ ಕಾಣುತ್ತದೆ. ಅವನು ಬಾಗಿಲಲ್ಲಿ ನಿಂತಿದ್ದಷ್ಟು ಹೊತ್ತಿನ ಉದ್ದ ಇದೆ ಅದು.